ಗಾಂಜಾ, ಜೀನು ಮತ್ತು ಒಂದು ರಕ್ತಪರೀಕ್ಷೆ

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿರುವ ನನ್ನ ತಮ್ಮ ಗಾಂಜಾ ಸೇದಲಾರಂಭಿಸಿದ ಮೇಲೆ, ಗೋಡೆಯಾಚೆ ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ಕಿಟಕಿಗೆ ಹೊದಿಕೆ ಕಟ್ಟಿ ಕೂರುತ್ತಾನೆ. ಇದು ಸ್ಕಿಜೋಫ್ರೇನಿಯಾ ಎಂಬ ಮನೋರೋಗವೇ? ಜೀನಿನ ಪರೀಕ್ಷೆಯಿಂದ ತಿಳಿಯಬಹುದೇ?
– ಓದುಗರು, ಉಡುಪಿ

ಉತ್ತರ: ಈಗಲೇ ಹಾಗೆ ಹೇಳಲಾಗದು. ಗಾಂಜಾ ಬಿಟ್ಟು ಸುಮಾರು 1 ತಿಂಗಳು ಕಳೆದರೂ ಧ್ವನಿಗಳು ನಿಲ್ಲದಿದ್ದರೆ ವೈದ್ಯರು ಸ್ಕಿಜೋಫ್ರೇನಿಯಾದಂಥ ಕಾಯಿಲೆಯನ್ನು ಶಂಕಿಸುತ್ತಾರೆ. ಇನ್ನು ಜೀನಿನ ಪರೀಕ್ಷೆಯ ಮಾತು. ಜೀನುಗಳಿರುವ ಡಿಎನ್‌ಎಯ ಅಕ್ಷರಗಳು ಹಾಗೆಯೇ ಉಳಿದು, ಅವುಗಳಿಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡರೆ ಜೀನಿನ ಕೆಲಸ ಹೆಚ್ಚುಕಡಿಮೆಯಾಗುತ್ತದೆ. ಎಪಿಜೆನೆಟಿಕ್ ಬದಲಾವಣೆಯೆಂದರೆ ಇಂಥದ್ದೇ. ಸ್ಕಿಜೋಫ್ರೇನಿಯಾದಲ್ಲೂ ಮಾದಕವಸ್ತು ಸೇವನೆಯಲ್ಲೂ ಇಂಥ ಬದಲಾವಣೆಗಳು ಕಂಡುಬಂದಿವೆಯಾದರೂ, ರಕ್ತದಲ್ಲಿ ಕಾಣುವುದೆಲ್ಲ ಮಿದುಳಿನದಲ್ಲ, ಬೀಡಿ ಸಿಗರೇಟು ಕೂಡ ಅಲ್ಲಿ ಗುರುತು ಬಿಡುತ್ತದೆ. ಆದ್ದರಿಂದ ಈ ರೋಗವನ್ನು ನಿರ್ಧರಿಸುವ ಜೀನಿನ ಅಥವಾ ರಕ್ತದ ಪರೀಕ್ಷೆ ಇಲ್ಲ, ಯಾರಾದರೂ ಮಾರಲು ಬಂದರೆ ದಯವಿಟ್ಟು ಹಣ ಕೊಡಬೇಡಿ. ತಮ್ಮನೊಡನೆ ವಾದಕ್ಕಿಳಿಯದೆ ಈ ವಾರವೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತನಾಡಬಹುದು.