ಸ್ವೀಟ್ ಬಾಕ್ಸ್ ಮೇಲಿನ ಒತ್ತಕ್ಷರ

ನಮಸ್ಕಾರ. ಹೆಸರು ಹಾಕಬೇಡಿ ಅಂತ ಕೇಳಿದ್ದೀರಿ, ಹಾಕುತ್ತಿಲ್ಲ. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಪತ್ರದಲ್ಲಿ ಏನಿದೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ನಿಮಗೆ ಚಿತ್ರಕಲೆ ಇಷ್ಟ. ಅಂಗಡಿ ಬೋರ್ಡು, ಪುಸ್ತಕದ ಮುಖಪುಟ, ಎಲ್ಲೇ ಒಳ್ಳೆಯ ಅಕ್ಷರ ಕಂಡರೂ ನಿಂತು ನೋಡುತ್ತೀರಿ. ಹೊಸ ಫೋನು ಬಂತು ಅಂದರೆ ಅದರ ರಿವ್ಯೂ ಪೂರ್ತಿ ಓದುತ್ತೀರಿ. ಊರೂರಿನ ಸಿಹಿ ತಂದು ತಿಂದು, ಖಾಲಿ ಬಾಕ್ಸ್‌ಗಳನ್ನು ಎಸೆಯದೆ ಅಟ್ಟದ ಮೇಲೆ ಜೋಡಿಸಿಟ್ಟಿದ್ದೀರಿ. ಮನೆಯವರು 'ಒಂದರಲ್ಲೂ ನೆಟ್ಟಗೆ ನಿಲ್ಲೋದಿಲ್ಲ' ಅನ್ನುತ್ತಾರೆ. ಪತ್ರದ ಜೊತೆ ಒಂದು ಮೈಸೂರು ಪಾಕ್ ಬಾಕ್ಸ್‌ನ ಫೋಟೊ ಕಳಿಸಿದ್ದೀರಿ. ಮುಚ್ಚಳದ ಮೇಲೆ 'ಶುದ್ಧ ತುಪ್ಪದ' ಅಂತ ದೊಡ್ಡದಾಗಿ ಇದೆ, ಆದರೆ ಒತ್ತುಗಳೆಲ್ಲ ಕೆಳಗಿನ ಕೆಂಪು ಪಟ್ಟಿಯೊಳಗೆ ಅರ್ಧ ಮುಳುಗಿವೆ. ಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಪಟ್ಟಿಯಲ್ಲಿ ಸಕ್ಕರೆ ಹೋಗಿ 'ಸಕ್‌ಕರೆ' ಆಗಿದೆ, ತುಪ್ಪ ಹೋಗಿ 'ತುಪ್‌ಪ' ಆಗಿದೆ.

ನೀವು ಕೇಳಿದ್ದು ಮೂರು ಪ್ರಶ್ನೆ. ರುಚಿ ಚೆನ್ನಾಗಿದ್ದರೆ ಸಾಲದಾ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳೋದು ಜಾಸ್ತಿ ಆಯ್ತಾ? ಅಕ್ಷರ ಬರೆಯೋದು ಕಲಿಯಬೇಕು ಅಂದರೆ ಪೆನ್ ಇರುವ ದುಬಾರಿ ಟ್ಯಾಬ್ ತಗೊಳ್ಳಲೇಬೇಕಾ? ಈ ನಾಲ್ಕು ಹುಚ್ಚಿನಲ್ಲಿ ಯಾವುದನ್ನು ಗಟ್ಟಿಯಾಗಿ ಹಿಡಿಯಲಿ?

ಜಾಸ್ತಿ ಆಗಿಲ್ಲ. ಮೂರನೇ ಪ್ರಶ್ನೆಗೆ ಉತ್ತರ ನೀವು ಕಳಿಸಿದ ಫೋಟೊದಲ್ಲೇ ಇದೆ, ಅಲ್ವಾ? ಸಿಹಿ, ಅಕ್ಷರ, ಚಿತ್ರ, ಅದನ್ನು ಹಾಳು ಮಾಡಿದ ಸಾಫ್ಟ್‌ವೇರು, ಎಲ್ಲ ಒಂದೇ ಬಾಕ್ಸ್ ಮೇಲೆ ಬಂದು ಕೂತಿವೆ. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೈಸೂರು ಪಾಕ್‌ನಿಂದಲೇ ಶುರು ಮಾಡುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರು ಅಂತ ಹೇಳುತ್ತಾರೆ. ಅವರ ಮನೆತನದವರು ನಡೆಸುವ ಗುರು ಸ್ವೀಟ್ ಮಾರ್ಟ್ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಇವತ್ತಿಗೂ ಇದೆ. ಈಗಿನ ಮೆತ್ತನೆಯದನ್ನು ಬಿಡಿ, ಹಳೇ ಥರದ ಗಟ್ಟಿ ಮೈಸೂರು ಪಾಕ್‌ನ ಒಂದು ತುಂಡು ಕೈಗೆ ತಗೊಂಡು ಕತ್ತರಿಸಿದ ಮೈಯನ್ನು ನೋಡಿ. ಕುದಿಯುವ ಪಾಕಕ್ಕೆ ಕಡಲೆಹಿಟ್ಟು ಹಾಕಿ, ಬಿಸಿ ತುಪ್ಪವನ್ನು ಸ್ವಲ್ಪ ಸ್ವಲ್ಪವೇ ಸುರಿದಾಗ ಅದು ನೊರೆಯಾಗಿ ಉಕ್ಕುತ್ತಲ್ಲ, ಆ ನೊರೆಯೇ ಹಾಗೇ ಗಟ್ಟಿಯಾಗಿ ಗೂಡು ಗೂಡಾಗಿ ನಿಂತಿರುತ್ತದೆ. ತಟ್ಟೆಗೆ ಸುರಿದ ಮೇಲೂ ನಡುಭಾಗ ಬೇಗ ಆರುವುದಿಲ್ಲ, ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ. ಅದಕ್ಕೇ ಮೇಲೆ ಕೆಳಗೆ ತಿಳಿ ಹಳದಿ, ನಡುವೆ ಒಂದು ಕಂದು ಪಟ್ಟಿ. ಬಣ್ಣ ಹಾಕಿ ಮಾಡಿದ್ದಲ್ಲ ಅದು, ಮಾಡುವ ರೀತಿಯಿಂದಲೇ ಬಂದದ್ದು. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ ಡಿಸೈನ್ ಇನ್ನೊಂದಿಲ್ಲ. ಯಾವ ಬಾಕ್ಸ್ ಆದರೂ ಆ ಹಳದಿ, ಆ ಕಂದು, ಆ ಗೂಡುಗಳನ್ನು ಎತ್ತಿಕೊಂಡರೆ ಸಾಕಿತ್ತು. ನಿಮ್ಮ ಫೋಟೊದ ಬಾಕ್ಸ್ ಮೇಲೆ ಗುಲಾಬಿ ಹೂವು, ಬಂಗಾರದ ಬಳ್ಳಿ ಇವೆ. ಯಾವ ಊರಿನ ಯಾವ ಸಿಹಿಗಾದರೂ ನಡೆಯುವ ಚಿತ್ರ.

ಇನ್ನು ಅಕ್ಷರ. ಹೆಸರು ಬರೆದು ನೋಡಿ: ಮೈಸೂರು ಪಾಕ್, ಧಾರವಾಡ ಪೇಡ, ಬೆಳಗಾವಿ ಕುಂದಾ, ಗೋಕಾಕ ಕರದಂಟು, ಚಿರೋಟಿ, ಹೋಳಿಗೆ. ಒಂದರಲ್ಲೂ ಒತ್ತಕ್ಷರ ಇಲ್ಲ! ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ನೆಟ್ಟಗೆ ಕೂರುತ್ತವೆ, ಹಾಗಾಗಿ ಮುಚ್ಚಳದ ಮೇಲಿನ ಹೆಸರು ಎಷ್ಟೋ ಸಲ ತಪ್ಪಿಲ್ಲದೆ ಬಂದುಬಿಡುತ್ತದೆ. ಈಗ ಒಳಗೆ ಏನಿದೆ ಅಂತ ಬರೆಯಿರಿ: ಸಕ್ಕರೆ, ತುಪ್ಪ, ಕಡಲೆಹಿಟ್ಟು, ಏಲಕ್ಕಿ. ಎಲ್ಲದಕ್ಕೂ ಒತ್ತು. ಹೋಳಿಗೆಯನ್ನೇ ಒಬ್ಬಟ್ಟು ಅಂತ ಬರೆದರೆ ಎರಡು ಒತ್ತು. ಲಡ್ಡು, ಕಜ್ಜಾಯ, ಸಜ್ಜಪ್ಪ, ಇವಕ್ಕೂ ಕೆಳಗೆ ಜಾಗ ಬೇಕು. ನಮ್ಮ ಬರಹದಲ್ಲಿ ತಲೆಕಟ್ಟಿನಷ್ಟೇ ಮುಖ್ಯವಾದ ಕೆಲಸ ಸಾಲಿನ ಕೆಳಗೆ ನಡೆಯುತ್ತದೆ. 'ರಾಷ್ಟ್ರ' ಅಂತ ಬರೆದರೆ ಷ ಕೆಳಗೆ ಟ, ಅದರ ಪಕ್ಕ ರ. ಇಂಗ್ಲಿಷಿನಲ್ಲೂ ಕೆಲವು ಅಕ್ಷರಕ್ಕೆ ಬಾಲ ಇದೆ, ನಿಜ, ಆದರೆ ಅದು ಸಣ್ಣ ಬಾಲ. ಇಲ್ಲಿ ಒಂದು ಪೂರ್ತಿ ಅಕ್ಷರವೇ ಕೆಳಗೆ ಕೂರಬೇಕು.

ಈಗ ಬಾಕ್ಸ್ ಹೇಗೆ ತಯಾರಾಗುತ್ತದೆ ಅಂತ ಯೋಚಿಸಿ. ಮೊದಲು ಇಂಗ್ಲಿಷಿನಲ್ಲಿ ಪೂರ್ತಿ ಡಿಸೈನ್ ಆಗುತ್ತದೆ. ಪಟ್ಟಿಯ ಎತ್ತರ, ಸಾಲುಗಳ ನಡುವಿನ ಅಂತರ, ಅಂಚು, ಎಲ್ಲ ಇಂಗ್ಲಿಷಿನ ಅಳತೆಗೆ ಕೂತಿರುತ್ತವೆ. ಕೊನೆಗೆ ಯಾರೋ 'ಕನ್ನಡನೂ ಹಾಕಿ' ಅನ್ನುತ್ತಾರೆ. ಆಗ ಅದೇ ಪಟ್ಟಿಯೊಳಗೆ ಕನ್ನಡವನ್ನು ತುರುಕುತ್ತಾರೆ. ಒತ್ತಿಗೆ ಜಾಗ ಎಲ್ಲಿಂದ ಬರಬೇಕು? ಕಾನೂನೂ ಸ್ವಲ್ಪ ಮಟ್ಟಿಗೆ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಆಹಾರದ ಲೇಬಲ್ ಮೇಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು, ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದು ಅನ್ನೋದು ಕೇಂದ್ರದ ಆಹಾರ ಸುರಕ್ಷತಾ ನಿಯಮ. 'ಜೊತೆಗೆ' ಬಂದ ಭಾಷೆಗೆ ಉಳಿದ ಮೂಲೆ ಸಿಗುತ್ತದೆ. ಬೋರ್ಡುಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ರಾಜ್ಯದ ಕಾನೂನಿಗೆ ತಿದ್ದುಪಡಿ ಬಂತು. ಒಳ್ಳೆಯದೇ ಆಯಿತು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಅಗಲ ಅಳೆದರಷ್ಟೇ ಸಾಲದು, ಒತ್ತು ಚೌಕಟ್ಟಿನಿಂದ ಕತ್ತರಿಸಿ ಹೋಗದಂತೆ ನೋಡುವ ಕಣ್ಣೂ ಬೇಕು.

'ಸಕ್‌ಕರೆ' ಯಾಕೆ ಆಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಅದು ಜಾಗದ ತೊಂದರೆ ಅಲ್ಲ, ಬೇರೆಯದು. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ವ್ಯವಸ್ಥೆಯಲ್ಲಿ, ಒತ್ತಕ್ಷರ ಅಂತ ಪ್ರತ್ಯೇಕವಾಗಿ ಏನೂ ಇಲ್ಲ. ಕ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ಇನ್ನೊಂದು ಕ, ಹೀಗೆ ಮೂರು ಸಂಕೇತ ಸಾಲಾಗಿ ಇರುತ್ತವೆ. ಅವನ್ನು ಕೂಡಿಸಿ 'ಕ್ಕ' ಮಾಡೋದು ಫಾಂಟು ಮತ್ತು ಸಾಫ್ಟ್‌ವೇರು ಸೇರಿ ಮಾಡುವ ಕೆಲಸ. ಫಾಂಟಿನೊಳಗೆ ಅದರ ಸೂಚನೆ ಇರುತ್ತದೆ, ಸಾಫ್ಟ್‌ವೇರು ಅದನ್ನು ಓದದೆ ಹೋದರೆ ಮೂರೂ ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಪುಟ ವಿನ್ಯಾಸ ಮಾಡುವ ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಒತ್ತುಗಳು ಕೂಡಿಕೊಳ್ಳುತ್ತವೆ. ಎಷ್ಟೋ ಡಿಸೈನರ್‌ಗಳಿಗೆ ಇದು ಗೊತ್ತಿಲ್ಲ. ಹಾಗಾಗಿ ಇನ್ನೂ ಹಳೇ ಕಾಲದ ಫಾಂಟುಗಳಿಗೇ ಹೋಗುತ್ತಾರೆ. ಅವು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ನೋಡೋಕೆ ಸರಿಯಾಗಿಯೇ ಇರುತ್ತವೆ. ಆದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ 'ಕನ್ನಡ' ಅನ್ನೋ ಮೂರಕ್ಷರ ಪೌಂಡಿನ ಗುರುತು, ನೆತ್ತಿಯ ಮೇಲೆ ಗೆರೆ ಇರುವ ಅಕ್ಷರ, ಹೀಗೆ ಏನೇನೋ ಆಗಿ ಕಾಣುತ್ತದೆ. ಡಿಟಿಪಿ ಮಾಡುವವರನ್ನು ಕೇಳಿ, ಪ್ರತಿಯೊಬ್ಬರ ಬಳಿಯೂ ಇಂಥ ಒಂದು ಕಥೆ ಇರುತ್ತದೆ.

ಇದು ಬಗೆಹರಿಯದ ಸಮಸ್ಯೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1843ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತ ಮಿಶನರಿಗಳ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 'ಮಂಗಳೂರ ಸಮಾಚಾರ' ಪತ್ರಿಕೆ ತಂದಾಗ ಅದು ಕಲ್ಲಚ್ಚು. ಕೈಯಲ್ಲಿ ಬರೆದದ್ದನ್ನೇ ಕಲ್ಲಿಗೆ ಇಳಿಸಿ ಅಚ್ಚು ಹಾಕುತ್ತಿದ್ದರು, ಒತ್ತು ಎಲ್ಲಿ ಬೇಕೋ ಅಲ್ಲಿ ಕೂರುತ್ತಿತ್ತು. ಮುಂದೆ 1894ರಲ್ಲಿ ಕಿಟೆಲ್ ಅವರ ನಿಘಂಟು ಅದೇ ಊರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳ ದೊಡ್ಡ ಪುಸ್ತಕ. ಲೈಬ್ರರಿಯಲ್ಲಿ ಸಿಕ್ಕರೆ ಅರ್ಥ ಹುಡುಕೋದು ಆಮೇಲೆ ಇರಲಿ, ಸುಮ್ನೆ ಒಂದು ಪುಟವನ್ನು ನೋಡುತ್ತಾ ಕೂತಿರಿ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ, ಒಂದು ಇನ್ನೊಂದನ್ನು ತುಳಿಯುವುದಿಲ್ಲ. ಸೀಸದ ಮೊಳೆಯನ್ನು ಒಂದೊಂದಾಗಿ ಜೋಡಿಸಿ ಮಾಡಿದ ಕೆಲಸ ಅದು! ಅಷ್ಟು ಕಷ್ಟದ ಕಾಲದಲ್ಲಿ ಆಗಿದ್ದು ಈಗ ಆಗೋದಿಲ್ಲ ಅಂದರೆ ನಾನು ಒಪ್ಪೋದಿಲ್ಲ.

ಬಾಕ್ಸ್ ವಿಷಯಕ್ಕೇ ಬಂದರೂ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ತಗೊಳ್ಳಿ. 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಯಿಂದ ಬೆಳೆದ ಸೋಪು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಒಳಗೆ ತೆಳು ಬಿಳಿ ಕಾಗದ, ಮೊಟ್ಟೆಯಾಕಾರದ ಸೋಪು, ಅದರ ಮೇಲೆ ಆನೆ ತಲೆ ಸಿಂಹದ ಮೈಯ ಶರಭ, ಜೊತೆಗೆ 'ಶ್ರೀಗಂಧದ ತವರಿನಿಂದ' ಅನ್ನೋ ಮಾತು. ಆ ಸೋಪಿಗೆ ಕನ್ನಡ ಆಮೇಲೆ ಸೇರಿಸಿದ ಭಾಷೆ ಅಂತ ಅನ್ನಿಸುವುದೇ ಇಲ್ಲ. ನಮ್ಮ ಸಿಹಿ ಅಂಗಡಿಗಳಿಂದ ನನಗೆ ಬೇಕಾಗಿರೋದು ಇಷ್ಟೇ.

ಟ್ಯಾಬ್ ವಿಷಯ. ಈಗಲೇ ತಗೊಳ್ಳಬೇಡಿ. ಚೌಕುಳಿ ಗೆರೆಯ ಲೆಕ್ಕದ ಪುಸ್ತಕ, ಚಪ್ಪಟೆ ಮೂತಿಯ ಒಂದು ಕ್ಯಾಲಿಗ್ರಫಿ ಪೆನ್ನು ಸಾಕು. ಮೊದಲು ಒತ್ತುಗಳನ್ನೇ ಬರೆಯಿರಿ. ಕ, ಗ, ಚ ಥರದವು ತಲೆಕಟ್ಟು ಕಳೆದುಕೊಂಡು ಚಿಕ್ಕದಾಗಿ ಕೆಳಗೆ ಕೂರುತ್ತವೆ, ಸುಲಭ. ತ, ನ, ಮ, ಯ, ರ, ಲ ಮಾತ್ರ ಒತ್ತಾದಾಗ ರೂಪವನ್ನೇ ಬದಲಾಯಿಸುತ್ತವೆ, ಅಲ್ಲಿ ಕೈ ಕುದುರಬೇಕು. 'ಅಮ್ಮ', 'ಅಣ್ಣ', 'ಅತ್ತೆ', 'ಅಯ್ಯ' ಅಂತ ಪುಟ ತುಂಬ ಬರೆದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಎಷ್ಟು ಅಂತರ ಬೇಕು ಅಂತ ನೀವೇ ಕಂಡುಕೊಳ್ಳಿ. ಆ ಅಂತರ ಒಮ್ಮೆ ಕಣ್ಣಿಗೆ ಹತ್ತಿತು ಅಂದರೆ ಆಮೇಲೆ ಯಾವ ಬೋರ್ಡು ನೋಡಿದರೂ ತಪ್ಪು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಚಿತ್ರ ಇಷ್ಟ ಅಂದಿರಲ್ಲ, ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಇದರ ಜೊತೆಗೇ ನೋಡಿ. ಕುಣಿಯುವ ಒಂದು ಮೈಯನ್ನು ಅವರು ಕೆಲವೇ ಗೆರೆಗಳಲ್ಲಿ ಮುಗಿಸುತ್ತಾರೆ. ಗೆರೆ ಎಲ್ಲಿ ದಪ್ಪ ಆಗುತ್ತದೆ, ತಿರುವಿನಲ್ಲಿ ಎಲ್ಲಿ ತೆಳುವಾಗುತ್ತದೆ ಅಂತ ಗಮನಿಸಿ. ಕನ್ನಡದ ಅಕ್ಷರವೂ ಪೂರ್ತಿ ತಿರುವೇ ಅಲ್ವಾ. ಜನವರಿಯಲ್ಲಿ ಬೆಂಗಳೂರಿಗೆ ಬರೋದಾದರೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಬನ್ನಿ, ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರೇ ತಮ್ಮ ಚಿತ್ರಗಳ ಪಕ್ಕ ಕೂತಿರುತ್ತಾರೆ, ಪೆನ್ನು ಕಾಗದದ ಬಗ್ಗೆ ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಫಾಂಟುಗಳಿಗೂ ದುಡ್ಡು ಕೊಡಬೇಕಾಗಿಲ್ಲ. ಫಾಂಟು ಮಾಡುವ ಏಕ್ ಟೈಪ್ ಸಂಸ್ಥೆಯವರ 'ಬಲೂ ತಮ್ಮ' ಅನ್ನೋ ಫಾಂಟು ದಪ್ಪಗೆ ದುಂಡಗೆ ಇದೆ, ಸಿಹಿ ಬಾಕ್ಸ್‌ನ ಮುಚ್ಚಳಕ್ಕೆ ಹೇಳಿ ಮಾಡಿಸಿದಂತಿದೆ. ಅವರದೇ ಅನೇಕ್ ಕನ್ನಡ ಕಿರಿದಾಗಿಯೂ ಅಗಲವಾಗಿಯೂ ಸಿಗುತ್ತದೆ, ಬದಿಯ ಸಣ್ಣ ಪಟ್ಟಿಗೆ ಅದರ ಕಿರಿದಾದ ರೂಪ ಬಳಸಿದರೆ ಅಕ್ಷರವನ್ನು ಎರಡೂ ಕಡೆ ಹಿಡಿದು ಹಿಂಡುವ ಅಗತ್ಯವೇ ಬರೋದಿಲ್ಲ. ಪುಸ್ತಕದ ಒಳಪುಟಕ್ಕೆ ನನ್ನ ಆಯ್ಕೆ ಟೀರೊ ಕನ್ನಡ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ.

ಗ್ಯಾಜೆಟ್ ಹುಚ್ಚು ಇರುವ ನಿಮಗೆ ಒಂದು ಕೆಲಸ ಕೊಡುತ್ತೇನೆ. ರಿವ್ಯೂ ಬರೆಯುವವರು ಕ್ಯಾಮೆರಾ ನೋಡುತ್ತಾರೆ, ಬ್ಯಾಟರಿ ನೋಡುತ್ತಾರೆ, ಕನ್ನಡ ಹೇಗೆ ಕಾಣುತ್ತದೆ ಅಂತ ನೋಡುವವರು ಕಡಿಮೆ. ಅಂಗಡಿಯಲ್ಲಿ ಹೊಸ ಫೋನೋ ವಾಚೋ ಕೈಗೆ ಬಂದಾಗ ಅದಕ್ಕೆ ಈ ಸಾಲನ್ನು ಕಳಿಸಿ ನೋಡಿ: 'ಅಜ್ಜಿ ಕೊಟ್ಟ ಒಬ್ಬಟ್ಟು ತುಪ್ಪದಲ್ಲಿ ಮುಳುಗಿತ್ತು'. ಜೊತೆಗೆ 'ಸ್ತ್ರೀ', 'ರಾಷ್ಟ್ರ', 'ಕಾರ್ಯ'. ಮೆಸೇಜಿನ ಒಳಗೆ ಸರಿಯಾಗಿ ಕಂಡರೆ ಅಲ್ಲಿಗೇ ಬಿಡಬೇಡಿ. ನೋಟಿಫಿಕೇಶನ್‌ನಲ್ಲಿ ನೋಡಿ, ಬಟನ್ ಮೇಲೆ ನೋಡಿ, ವಾಚಿನ ಚಿಕ್ಕ ಪರದೆಯಲ್ಲಿ ನೋಡಿ, ಕಾರಿನ ಸ್ಕ್ರೀನಿನಲ್ಲಿ ಹಾಡಿನ ಹೆಸರು ನೋಡಿ. ಎತ್ತರ ಮೊದಲೇ ನಿಗದಿಯಾದ ಕಡೆ ಒತ್ತು ಕತ್ತರಿಸುತ್ತದೆ, ಸ್ವೀಟ್ ಬಾಕ್ಸ್‌ನ ಕೆಂಪು ಪಟ್ಟಿಯಲ್ಲಿ ಆದ ಹಾಗೇ. ಕೀಬೋರ್ಡೂ ನೋಡಿ. ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರದ ಪ್ರಕಾರ ಕನ್ನಡ ಹೊಡೆಯುವ ವಿನ್ಯಾಸವನ್ನು ನಮಗೆ ಕೊಟ್ಟವರು ಕೆ.ಪಿ. ರಾವ್. ಅದರ ಮೇಲೆ ನಿಂತ ಕಗಪ ಕೀಬೋರ್ಡ್ ಇವತ್ತಿಗೂ ಎಷ್ಟೋ ಜನರ ಕೈಗೆ ಒಗ್ಗಿದೆ, ನನ್ನ ಕೈಗೂ. ಇಷ್ಟು ಒಳ್ಳೆಯ ಬುನಾದಿ ಇದ್ದೂ, ದುಬಾರಿ ಪರದೆಯ ಮೇಲೆ 'ಅಜ್ಜಿ' ಅರ್ಧ ಕಾಣಿಸಿದರೆ ಬೇಜಾರಾಗುತ್ತದೆ. ಕಂಪನಿಗೆ ಸ್ಕ್ರೀನ್‌ಶಾಟ್ ಸಮೇತ ಬರೆಯಿರಿ. ಯಾವ ಪರದೆ, ಯಾವ ಪದ ಅಂತ ಖಚಿತವಾಗಿ ಹೇಳಿದರೆ ಸರಿಪಡಿಸೋದು ಅವರಿಗೆ ಸುಲಭ.

ಬಾಕ್ಸ್ ಮಾಡಿಸಿದ ಅಂಗಡಿಯವರ ಬಗ್ಗೆ ಪತ್ರದಲ್ಲಿ ಸ್ವಲ್ಪ ಖಾರವಾಗಿಯೇ ಬರೆದಿದ್ದೀರಿ. ಆ ಭಾಗ ಪ್ರಕಟಿಸುತ್ತಿಲ್ಲ. ಹಬ್ಬದ ಮುಂಚೆ ಸಾವಿರಾರು ಬಾಕ್ಸ್ ಒಟ್ಟಿಗೆ ಮಾಡಿಸುವವರಿಗೆ ಪ್ರೂಫ್ ನೋಡುವಾಗ ಬೆಲೆ, ಫೋನ್ ನಂಬರು, ತಾರೀಕು ಸರಿ ಇದೆಯಾ ಅನ್ನೋದೇ ಚಿಂತೆ. ಮುಂದಿನ ಸಲ ಅಲ್ಲಿಗೆ ಹೋದಾಗ ಗಲ್ಲಾದಲ್ಲಿ ಕೂತವರಿಗೆ ಬಾಕ್ಸ್ ತೋರಿಸಿ, 'ಅಣ್ಣಾ, ಇಲ್ಲಿ ಸಕ್ಕರೆ ಒಡೆದುಹೋಗಿದೆ ನೋಡಿ' ಅನ್ನಿ. ಸರಿಯಾದ ಅಕ್ಷರದ ಒಂದು ಪ್ರಿಂಟು ಜೊತೆಗೆ ಕೊಟ್ಟು ಬನ್ನಿ. ತಾವು ಮಾಡಿದ ಸಿಹಿಯ ಬಗ್ಗೆ ಅಷ್ಟು ಅಭಿಮಾನ ಇರುವವರು ಬಾಕ್ಸ್ ಬಗ್ಗೆ ಹೇಳಿದರೆ ಕೇಳದೆ ಇರೋದಿಲ್ಲ ಅಂತ ನನಗೆ ನಂಬಿಕೆ ಇದೆ.

ಕೊನೆಗೆ ನಿಮ್ಮ ಅಟ್ಟದ ಮೇಲಿನ ಬಾಕ್ಸ್‌ಗಳು. ಅವುಗಳ ಬಗ್ಗೆ ನೀವು ನಮ್ಮ ಪತ್ರಿಕೆಗೆ ಬರೆಯಬೇಕು ಅಂತ ಕೇಳಿಕೊಳ್ಳುತ್ತಿದ್ದೇನೆ. ತಿಂಗಳಿಗೆ ಒಂದು ಬಾಕ್ಸ್, ಒಂದು ಪುಟ. ಒಂದು ಬಾಕ್ಸ್‌ಗೆ ಮೂರು ಫೋಟೊ ಬೇಕು: ಮುಚ್ಚಳ, ಸಣ್ಣ ಅಕ್ಷರ ಇರುವ ಬದಿ, ಒಳಗಿದ್ದ ಸಿಹಿ. ಫೋಟೊ ಹಗಲು ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ತೆಗೆಯಿರಿ, ಫ್ಲ್ಯಾಶ್ ಬೇಡ, ಬಂಗಾರದ ಮಸಿ ಹೊಳೆದು ಅಕ್ಷರ ಕಾಣೋದಿಲ್ಲ. ಎಣ್ಣೆ ಕಲೆ ಇದ್ದರೂ ಒರೆಸಬೇಡಿ, ತುಪ್ಪ ಕಾಗದವನ್ನು ದಾಟಿ ಬಂದಿದೆಯಾ ಅನ್ನೋದೂ ಬಾಕ್ಸ್‌ನ ಡಿಸೈನಿಗೆ ಸೇರಿದ್ದೇ. ಬರಹ ಯೂನಿಕೋಡ್‌ನಲ್ಲಿ ಕಳಿಸಿ. ಮೊದಲ ಕಂತಿಗೆ ಧಾರವಾಡ ಪೇಡದ ಬಾಕ್ಸ್ ಇರಲಿ, ನಿಮ್ಮ ಪತ್ರದ ಪ್ರಕಾರ ಅದರಲ್ಲಿ ಬೇರೆ ಬೇರೆ ಕಾಲದ ಎರಡು ಇವೆಯಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಹೇಗೆ ಬದಲಾಗಿದೆ ಅಂತ ಬರೆಯಿರಿ. ಈ ತಿಂಗಳ 20ರೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲೇ ಹಾಕಬಹುದು.

– ಸಂಪಾದಕ