ಯೇಸುವಿನ ವಿಷಯದಲ್ಲಿ ಕ್ರೈಸ್ತರೂ ಮುಸ್ಲಿಮರೂ ಭಿನ್ನವಾಗಿ ನಂಬುವುದೇಕೆ?

ಯೇಸು ಕನ್ಯೆ ಮರಿಯಳ ಮಗನೆಂದೂ ಮೆಸ್ಸೀಯ (ದೇವರು ಅಭಿಷೇಕಿಸಿದವನು) ಎಂದೂ ಎರಡೂ ಧರ್ಮಗಳು ಒಪ್ಪುತ್ತವೆ. ಕುರ್‌ಆನಿನ 19ನೆಯ ಅಧ್ಯಾಯಕ್ಕೆ ಆತನ ತಾಯಿಯ ಹೆಸರೇ ಇದೆ. ಆದರೆ ಕ್ರೈಸ್ತರಿಗೆ ಆತ ಶಿಲುಬೆಯ ಮೇಲೆ ಸತ್ತು ಪುನರುತ್ಥಾನ ಹೊಂದಿದ ದೇವಪುತ್ರ. ಮುಸ್ಲಿಮರಿಗೆ ಈಸಾ ಎಂಬ ಪ್ರವಾದಿ. ಆತನನ್ನು ಶಿಲುಬೆಗೇರಿಸಲಿಲ್ಲವೆಂದು ಕುರ್‌ಆನ್ (4:157) ಹೇಳುತ್ತದೆ.

ಗ್ರಂಥದ ವಿಶ್ವಾಸಾರ್ಹತೆಯ ಪ್ರಶ್ನೆ ಹುಟ್ಟುವುದೇ ಇಲ್ಲಿ. ಈಸಾನಿಗೆ ದೇವರಿಂದ ಇಳಿದ ಗ್ರಂಥವಾದ ಇಂಜೀಲ್ ಕಾಲಾಂತರದಲ್ಲಿ ವಿಕೃತಗೊಂಡಿತೆಂಬುದು ಮುಸ್ಲಿಮರಲ್ಲಿ ಪ್ರಚಲಿತವಾದ ನಿಲುವಾದರೂ, ಬದಲಾದದ್ದು ಪಠ್ಯವೋ ಅದರ ಅರ್ಥವೋ ಎಂಬುದರಲ್ಲಿ ಅವರ ವಿದ್ವಾಂಸರೇ ಒಮ್ಮತಕ್ಕೆ ಬಂದಿಲ್ಲ. ಬೈಬಲಿನ ಪ್ರಾಚೀನ ಗ್ರೀಕ್ ಪ್ರತಿಯಾದ 4ನೆಯ ಶತಮಾನದ ಸಿನಾಯ್ ಹಸ್ತಪ್ರತಿಯಲ್ಲೂ ಶಿಲುಬೆಯ ಕಥನವಿರುವುದರಿಂದ, ಇಸ್ಲಾಂ ಬಂದ ಮೇಲೆ ಅದನ್ನು ಸೇರಿಸಿದರೆಂಬ ವಾದ ನಿಲ್ಲುವುದಿಲ್ಲ. ಆದರೆ ಅದೇ ಪ್ರತಿಯಲ್ಲಿ ಯೇಸುವಿನ ಜೀವನ ಹೇಳುವ ಬೈಬಲಿನ ಪುಸ್ತಕಗಳಲ್ಲೊಂದಾದ ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳಿಲ್ಲ. ಪಠ್ಯ ಎಲ್ಲಿಯೂ ಬದಲಾಗಿಲ್ಲವೆನ್ನುವ ಕ್ರೈಸ್ತರು ಇದನ್ನೂ ಗಮನಿಸಬೇಕು.