ಕಿಟ್ ಲೆನ್ಸ್ ಒಂದೇ ಸಾಕೆನ್ನುವವರಿಗೆ ಡಿಎಸ್‌ಎಲ್‌ಆರ್ ಯಾಕೆ?

ಓದುಗರ ಪ್ರಶ್ನೆ: ಕ್ಯಾಮೆರಾ
(ಉತ್ತರಿಸುವವರು ಶಿವಮೊಗ್ಗದಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಾರೆ.)

ಪ್ರಶ್ನೆ: ನಾನು ಪ್ರೌಢಶಾಲೆಯಿಂದ ನಿವೃತ್ತನಾದ ಶಿಕ್ಷಕ. ಯಕ್ಷಗಾನದ ಫೋಟೊ ತೆಗೆಯಬೇಕೆಂಬ ಆಸೆ ಮೊದಲಿಂದಲೂ ಇದೆ. ನಮ್ಮ ಸುತ್ತಮುತ್ತ ಎಲ್ಲಿ ಆಟ ಇದ್ದರೂ ಹೋಗುತ್ತೇನೆ, ರಂಗಸ್ಥಳದ ಮುಂದೆಯೇ ಕೂರಲು ಜಾಗ ಸಿಗುತ್ತದೆ. ಅದು ಬಿಟ್ಟರೆ ಮೊಮ್ಮಕ್ಕಳು, ಅಪರೂಪಕ್ಕೊಂದು ಪ್ರವಾಸ. ಮಗ ಕ್ಯಾನನ್ 1500ಡಿ ಡಿಎಸ್‌ಎಲ್‌ಆರ್ (ಲೆನ್ಸ್ ಕಳಚಿ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ತೆಗೆದುಕೊಳ್ಳಿ, ಜೊತೆಗೆ 18-55 ಮಿ.ಮೀ. ಜೂಮ್ ಲೆನ್ಸ್ ಬರುತ್ತದೆ ಎನ್ನುತ್ತಾನೆ. ದುಬೈಯಲ್ಲಿರುವ ಅಳಿಯ ತಾನು ಬಳಸಿದ ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2 ಎಂಬ ಪುಟ್ಟ ಕ್ಯಾಮೆರಾ ತಂದುಕೊಡುತ್ತೇನೆ ಎನ್ನುತ್ತಾರೆ. ಅಳಿಯನ ಹತ್ತಿರ ಪುಕ್ಕಟೆ ತೆಗೆದುಕೊಳ್ಳುವವನು ನಾನಲ್ಲ, ಹಾಗಾಗಿ ಎರಡಕ್ಕೂ ಬೀಳುವ ದುಡ್ಡು ಹೆಚ್ಚುಕಡಿಮೆ ಒಂದೇ. ಒಮ್ಮೆ ಕೊಂಡ ಮೇಲೆ ಮತ್ತೆ ಖರ್ಚು ಮಾಡುವ ಇರಾದೆ ಇಲ್ಲ. ರಾತ್ರಿಯ ಫೋಟೊಕ್ಕೆ ದೊಡ್ಡ ಸೆನ್ಸಾರ್ ಇರುವುದೇ ಆಗಬೇಕು ಎಂದು ಮಗ ಹೇಳುವುದು ನಿಜವೇ?
– ನಿವೃತ್ತ ಶಿಕ್ಷಕ, ಕುಮಟಾ ತಾಲ್ಲೂಕು

ಉತ್ತರ: ಮಾಸ್ತರರೇ, ನಿಮ್ಮ ಮಗ ಹೇಳಿದ್ದು ಅರ್ಧ ನಿಜ. ಉಳಿದರ್ಧ ಲೆನ್ಸಿನಲ್ಲಿದೆ. ಬೆಳಕನ್ನು ಚಿತ್ರವಾಗಿಸುವ ಸೆನ್ಸಾರ್ ಎಷ್ಟು ದೊಡ್ಡದಿದ್ದರೂ ಅದಕ್ಕೆ ಸಿಗುವುದು ಲೆನ್ಸ್ ಒಳಗೆ ಬಿಟ್ಟಷ್ಟೇ ಬೆಳಕು. ಡಬ್ಬದ ಜೊತೆ ಬರುವ 18-55 ಕಿಟ್ ಲೆನ್ಸ್ ಈ ವಿಷಯದಲ್ಲಿ ಬಲು ಜಿಪುಣ.

ಲೆಕ್ಕ ಹಾಕೋಣ. ನೀವು ಗಣಿತದ ಮಾಸ್ತರರಾಗಿದ್ದರೆ ನನ್ನ ತಪ್ಪು ಹಿಡಿಯಿರಿ. 1500ಡಿ ಸೆನ್ಸಾರ್ 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ. ಜಿ7 ಎಕ್ಸ್‌ನದ್ದು 13.2 ಅಗಲ, 8.8 ಎತ್ತರ. ಗುಣಿಸಿ ನೋಡಿ: ಮೊದಲನೆಯದರ ವಿಸ್ತೀರ್ಣ ಎರಡನೆಯದರ ಮೂರು ಪಟ್ಟಿಗೆ ಚೂರು ಕಡಿಮೆ. ಇಷ್ಟಕ್ಕೇ ನಿಂತರೆ ಮಗ ಗೆದ್ದ. ಈಗ ಲೆನ್ಸ್ ನೋಡಿ. ವೇಷಧಾರಿ ಚೌಕಟ್ಟು ತುಂಬಬೇಕೆಂದು ಕಿಟ್ ಲೆನ್ಸನ್ನು 55ರ ತುದಿಗೆ ತಿರುಗಿಸಿದರೆ ಅದರ ಅಪರ್ಚರ್, ಅಂದರೆ ಬೆಳಕು ಒಳಬಿಡುವ ತೂತು, ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಜಿ7 ಎಕ್ಸ್ ಅಷ್ಟೇ ಹತ್ತಿರಕ್ಕೆ, ಅದಕ್ಕಿಂತ ಸ್ವಲ್ಪ ಹೆಚ್ಚೇ ಹತ್ತಿರಕ್ಕೆ ಎಳೆದುಕೊಂಡರೂ ಎಫ್ 2.8ರಷ್ಟು ತೆರೆದಿರುತ್ತದೆ. ಎಫ್ ಸಂಖ್ಯೆ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಒಂದು ಕಡೆ ಮೂರು ಪಟ್ಟು ಸೆನ್ಸಾರ್, ಇನ್ನೊಂದು ಕಡೆ ನಾಲ್ಕು ಪಟ್ಟು ಬೆಳಕು. ಜೇಬಿನಲ್ಲಿ ಹಿಡಿಯುವ, 319 ಗ್ರಾಂ ತೂಗುವ ಕ್ಯಾಮೆರಾ ಇಲ್ಲಿ ಕೂದಲೆಳೆಯಷ್ಟು ಮುಂದಿದೆ. ಡಿಎಸ್‌ಎಲ್‌ಆರ್ ಕೊಂಡು ಕಿಟ್ ಲೆನ್ಸನ್ನು ಎಂದೂ ಕಳಚದವರು ರಾತ್ರಿ ಫೋಟೊದ ಮಟ್ಟಿಗೆ ಹೆಚ್ಚು ಕೊಂಡದ್ದು ತೂಕ ಮಾತ್ರ.

ಹಾಗಂತ ಮಗನಿಗೆ ಹೇಳಿ ಬಿಡಬೇಡಿ, ಅವನ ಪರವಾಗಿ ದೊಡ್ಡ ಸಾಕ್ಷಿಯೊಂದಿದೆ. ಕ್ಯಾನನ್‌ನ 50 ಮಿ.ಮೀ. ಎಫ್ 1.8 ಎಸ್‌ಟಿಎಂ ಲೆನ್ಸ್. 2015ರಿಂದ ಬರುತ್ತಿದೆ, ತೂಕ 160 ಗ್ರಾಂ ಆಸುಪಾಸು, ಕ್ಯಾನನ್ ಲೆನ್ಸುಗಳಲ್ಲೇ ಅಗ್ಗದವುಗಳ ಸಾಲಿನದು. ಎಫ್ 5.6ಕ್ಕೆ ಹೋಲಿಸಿದರೆ ಇದು ಒಳಗೆ ಬಿಡುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಇದನ್ನು 1500ಡಿಗೆ ಸಿಕ್ಕಿಸಿದ ಕ್ಷಣ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಇನ್ನೊಂದು ಅನುಕೂಲ ನಿಮಗಾಗಿಯೇ ಇದ್ದಂತಿದೆ: ರಂಗಸ್ಥಳದಿಂದ 16 ಅಡಿ ದೂರ ಕೂತು ಕ್ಯಾಮೆರಾ ಉದ್ದುದ್ದ ಹಿಡಿದರೆ ಈ ಲೆನ್ಸ್ 7 ಅಡಿ ಎತ್ತರವನ್ನು ಹಿಡಿಯುತ್ತದೆ. ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಇಡೀ ವೇಷ ಬಂತು. ಆದರೆ ಜೂಮ್ ಇಲ್ಲ. ಇಬ್ಬರು ಮೂವರನ್ನು ಒಟ್ಟಿಗೆ ತೆಗೆಯಬೇಕೆಂದರೆ ನೀವೇ ಎದ್ದು ಹಿಂದೆ ಹೋಗಬೇಕು, ಮುಂದಿನ ಜಾಗ ಬಿಟ್ಟು ಎದ್ದವರಿಗೆ ಅದು ಮತ್ತೆ ಸಿಗುತ್ತದೆಯೇ ಎಂಬುದು ನಿಮಗೇ ಗೊತ್ತು.

ಹಾಗಾಗಿ ನಾನು ನಿಮಗೆ ಹಿಂದಿರುಗಿ ಕೇಳುವುದು ಒಂದೇ: ಎರಡನೇ ಲೆನ್ಸ್ ಕೊಳ್ಳುತ್ತೀರಾ? ಮತ್ತೆ ಖರ್ಚಿಲ್ಲ ಎಂದು ಬರೆದಿದ್ದೀರಿ. ಆ ಮಾತು ಗಟ್ಟಿಯಾಗಿದ್ದರೆ ಕಣ್ಣುಮುಚ್ಚಿ ಅಳಿಯನ ಕ್ಯಾಮೆರಾ ತೆಗೆದುಕೊಳ್ಳಿ. ಆಟದ ಹುಚ್ಚು ಇರುವವರ ಇಂಥ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ ಎನ್ನುವುದು ಬೇರೆ ವಿಷಯ. 50ರ ಲೆನ್ಸನ್ನು ಮಗನೇ ಕೊಡಿಸುತ್ತಾನೆ ಎಂದಾದರೆ 1500ಡಿಯೇ ಸರಿ. ಕಾರಣ ಬೆಳಕೊಂದೇ ಅಲ್ಲ. ಮಂದ ಬೆಳಕಿನಲ್ಲಿ ಓಡಾಡುವ ವೇಷದ ಮೇಲೆ ಫೋಕಸ್ ಕೂರಿಸುವುದರಲ್ಲಿ ಡಿಎಸ್‌ಎಲ್‌ಆರ್ ಚುರುಕು. 1500ಡಿಯಲ್ಲಿರುವ 9 ಫೋಕಸ್ ಬಿಂದುಗಳಲ್ಲಿ ನಡುವಿನದ್ದೇ ಬಲವಾದದ್ದು. ಅದೊಂದನ್ನೇ ಆರಿಸಿಟ್ಟು ವೇಷಧಾರಿಯ ಕಣ್ಣಿನ ಮೇಲೆ ಇಡಿ. ಪುಟ್ಟ ಕ್ಯಾಮೆರಾ ಅದೇ ಹೊತ್ತಿನಲ್ಲಿ ಹಿಂದೆ ಮುಂದೆ ಹುಡುಕಾಡುತ್ತದೆ. ಪ್ರವೇಶದ ಅಬ್ಬರ ಕೈತಪ್ಪೀತು, ಪದ್ಯಕ್ಕೆ ಅಭಿನಯಿಸುತ್ತ ನಿಂತ ಭಂಗಿ ಸಿಗುತ್ತದೆ.

ಯಾವುದೇ ಕೊಂಡರೂ ಒಂದು ಎಚ್ಚರಿಕೆ. ಈಗ ಬಹಳ ಕಡೆ ರಂಗಸ್ಥಳಕ್ಕೆ ಎಲ್‌ಇಡಿ ದೀಪ ಹಾಕುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಹೊಳೆಯುತ್ತದೆ. ಕಣ್ಣಿಗೆ ಕಾಣದು, ಶಟರಿಗೆ ಕಾಣುತ್ತದೆ. ಕುಣಿತ ಹಿಡಿಯಬೇಕೆಂದು ಶಟರ್ ವೇಗವನ್ನು 1/500 ಸೆಕೆಂಡಿಗೆ ಏರಿಸಿದರೆ ಒಂದು ಫೋಟೊ ಬೆಳ್ಳಗೆ, ಮರುಕ್ಷಣದ್ದು ಕಂದು. ಡಿಎಸ್‌ಎಲ್‌ಆರ್‌ನಲ್ಲಾದರೆ ಚಿತ್ರಕ್ಕೆ ಅಡ್ಡವಾಗಿ ಮಂಕು ಪಟ್ಟಿಯೂ ಬೀಳುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ನನ್ನ ಅಂಗಡಿಗೆ ಹೊತ್ತು ತರುವವರಿದ್ದಾರೆ. ಬಿಚ್ಚಿ ನೋಡುವ ಕೆಲಸವೇ ಇರುವುದಿಲ್ಲ. ಶಟರ್ 1/100ರಲ್ಲಿಡಿ, ಇಲ್ಲವೇ 1/50ರಲ್ಲಿ. ಮಂಡಿ ಹಾಕಿ ಸುತ್ತುವಾಗ ಕೈಕಾಲು ಅಲುಗಿದಂತೆ ಬರುತ್ತದೆ, ಬರಲಿ. ಮುಖ ನಿಂತಿದ್ದರೆ ಸಾಕು, ಆ ಅಲುಗಾಟವೇ ಕುಣಿತದಂತೆ ಕಾಣುತ್ತದೆ. ಹಳೆಯ ಹ್ಯಾಲೊಜನ್ ದೀಪವಿದ್ದಲ್ಲಿ ಈ ತೊಂದರೆ ಇಲ್ಲ.

ಜಿ7 ಎಕ್ಸ್‌ಗೆ ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ. ಕತ್ತಲಲ್ಲಿ ಅದರ ಪರದೆ ಹಿಂದೆ ಕೂತವರ ಕಣ್ಣಿಗೆ ಹೊಡೆಯುತ್ತದೆ, ಬೈಯಿಸಿಕೊಳ್ಳುವ ಮೊದಲೇ ಪರದೆಯ ಹೊಳಪು ತಗ್ಗಿಸಿ. ಡಿಎಸ್‌ಎಲ್‌ಆರ್ ಕನ್ನಡಿಯದ್ದು ಠಕ್ ಎಂಬ ಸದ್ದು, ಚೆಂಡೆಯ ಮುಂದೆ ಅದನ್ನು ಕೇಳುವವರು ಯಾರು! ತಾಳಮದ್ದಳೆಗೆ ಹೋದರೆ ಮಾತ್ರ ಪುಟ್ಟದ್ದೇ ಮರ್ಯಾದಸ್ಥ. ಬ್ಯಾಟರಿ ಇನ್ನೊಂದು ಬೇಕೇ ಬೇಕು. ಕಂಪನಿ ಲೆಕ್ಕದಲ್ಲೇ ಜಿ7 ಎಕ್ಸ್‌ಗೆ ಒಂದು ಚಾರ್ಜಿಗೆ 265 ಚಿತ್ರ, 1500ಡಿಗೆ 500. ಬೆಳಗಿನವರೆಗಿನ ಆಟವಾದರೆ ಪುಟ್ಟ ಕ್ಯಾಮೆರಾ ನಡುರಾತ್ರಿಗೇ ಮಲಗುತ್ತದೆ.

ಅಳಿಯ ಬಳಸಿದ್ದನ್ನು ಹಣ ಕೊಟ್ಟು ಕೊಳ್ಳುವಿರಾದ್ದರಿಂದ ಸಂಕೋಚ ಬಿಟ್ಟು ಪರೀಕ್ಷೆ ಮಾಡಿ. ಬೆಂಚಿನ ಮೇಲೆ ಬರುವ ಪುಟ್ಟ ಕ್ಯಾಮೆರಾಗಳ ಸಾಮಾನ್ಯ ಕಾಯಿಲೆ ಲೆನ್ಸ್ ಹೊರಬಂದು ಅರ್ಧಕ್ಕೇ ಸಿಕ್ಕಿಕೊಳ್ಳುವುದು. ಇದು ಎಲ್ಲ ಕಂಪನಿಯವಕ್ಕೂ ಬರುತ್ತದೆ. ಮರಳ ಕಣವೊಂದು ಕೊಳವೆಯ ಸಂದಿಗೆ ಹೊಕ್ಕರೆ ಸಾಕು. ದುಬೈ ಮರಳು, ನಿಮ್ಮ ಗೋಕರ್ಣದ ಮರಳು, ಎರಡೂ ಇದಕ್ಕೆ ಆಗಿಬರುವುದಿಲ್ಲ. ಹಲವು ಸಲ ಆನ್ ಆಫ್ ಮಾಡಿ, ಜೂಮನ್ನು ತುದಿಯವರೆಗೆ ಓಡಿಸಿ, ಕಿವಿಗಿಟ್ಟು ಕೇಳಿ. ಕರಕರ ಎಂದರೆ ಬೇಡ. ಆಮೇಲೆ ಅಪರ್ಚರ್ ಎಫ್ 11ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸಾರ್ ಮೇಲೆ ಧೂಳು ಕೂತಿದೆ. ಡಿಎಸ್‌ಎಲ್‌ಆರ್ ಆದರೆ ಲೆನ್ಸ್ ಕಳಚಿ ಸ್ವಚ್ಛ ಮಾಡಬಹುದು, ಇದನ್ನು ಇಡಿಯಾಗಿ ಬಿಚ್ಚಬೇಕು, ಅದರ ಕೂಲಿ ಹೊಟ್ಟೆ ಉರಿಸುತ್ತದೆ.

ಅಂಗಡಿಯವರು 1500ಡಿ ಬದಲು 3000ಡಿ ತೋರಿಸಿ ಇನ್ನೂ ಅಗ್ಗ ಎಂದರೆ ಬೇಡ ಅನ್ನಿ. ಅದರ ಲೆನ್ಸ್ ಕೂರುವ ಬಳೆ ಪ್ಲಾಸ್ಟಿಕ್ಕಿನದು. ಅದಕ್ಕಿಂತ ಮುಖ್ಯವಾಗಿ, ಕಿಂಡಿಯನ್ನು ನಿಮ್ಮ ದೃಷ್ಟಿಗೆ ಹೊಂದಿಸುವ ಸಣ್ಣ ಚಕ್ರ ಅದರಲ್ಲಿ ಇಲ್ಲ. ಕನ್ನಡಕ ತೆಗೆದು ನೋಡುವ ವಯಸ್ಸಿನವರಿಗೆ ಅದು ಬೇಕು.

ಪ್ರಶ್ನೆ: ಡಿಎಸ್‌ಎಲ್‌ಆರ್ ಕಾಲವೇ ಮುಗಿಯಿತು, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕೊಳ್ಳಿ ಎನ್ನುತ್ತಾರೆ. ಹೌದೇ?
– ಓದುಗರು, ದಾವಣಗೆರೆ

ಉತ್ತರ: ಕಂಪನಿಗಳ ಪಾಲಿಗೆ ಮುಗಿದಿದೆ. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಆರ್ ಮತ್ತು ಝಡ್ ಸಾಲಿನ ಮಿರರ್‌ಲೆಸ್ ತಂದವು. ಹೊಸತೆಲ್ಲ ಈಗ ಅಲ್ಲೇ. ಅದೇ ವರ್ಷ ಬಂದ ನಿಕಾನ್ ಡಿ3500 ಎಂಬ ಒಳ್ಳೆಯ ಆರಂಭಿಕ ಡಿಎಸ್‌ಎಲ್‌ಆರ್ ಈಗ ತಯಾರಾಗುತ್ತಿಲ್ಲ. ನಿಮಗೆ ಅದರಿಂದ ಲಾಭವೇ, ಸೆಕೆಂಡ್‌ಹ್ಯಾಂಡ್ ಸರಕು ರಾಶಿ ಬಿದ್ದಿದೆ. ಡಿ3500 ಸಿಕ್ಕರೆ ಅದು ತೆಗೆದ ಫೋಟೊ ಫೈಲಿನಲ್ಲೇ ಶಟರ್ ಎಷ್ಟು ಸಲ ಓಡಿದೆ ಎಂಬ ಲೆಕ್ಕ ಇರುತ್ತದೆ, ಕಂಪ್ಯೂಟರಿನಲ್ಲಿ ನೋಡಬಹುದು. ಅದರ ಶಟರನ್ನು ಒಂದು ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ಮೂವತ್ತು ಸಾವಿರ ದಾಟದಿದ್ದರೆ ನಿಶ್ಚಿಂತೆಯಿಂದ ಕೊಳ್ಳಿ. ಲೆನ್ಸ್ ಕೊಳ್ಳುವಾಗ ಮಾತ್ರ ಹುಷಾರು: ಡಿ3500ರ ಒಳಗೆ ಫೋಕಸ್ ಮೋಟಾರು ಇಲ್ಲ, ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದದ್ದನ್ನೇ ಕೇಳಿ. ಕ್ಯಾನನ್ ಡಿಎಸ್‌ಎಲ್‌ಆರ್‌ನ ಇಎಫ್ ಲೆನ್ಸ್ ಕೊಂಡವರಿಗೂ ಚಿಂತೆ ಬೇಡ, ನಾಳೆ ಆರ್ ಸಾಲಿಗೆ ಹೋದರೆ ಅಡಾಪ್ಟರ್ ಹಾಕಿ ಬಳಸಬಹುದು.

ಪ್ರಶ್ನೆ: ಧಾರವಾಡದಲ್ಲಿ ಓದುತ್ತಿದ್ದೇನೆ. ಕೆಲಗೇರಿ ಕೆರೆಯ ಹಕ್ಕಿಗಳ ಫೋಟೊ ತೆಗೆಯುವ ಆಸೆ. ಭಾರೀ ಜೂಮ್ ಇರುವ ಒಂದೇ ತುಂಡಿನ ಕ್ಯಾಮೆರಾ ಒಳ್ಳೆಯದೋ, ಡಿಎಸ್‌ಎಲ್‌ಆರ್ ಜೊತೆ 55-250 ಲೆನ್ಸೋ?
– ವಿದ್ಯಾರ್ಥಿನಿ

ಉತ್ತರ: ಇಲ್ಲಿ ನಾನು ಡಿಎಸ್‌ಎಲ್‌ಆರ್ ಕಡೆ, ಪೂರ್ತಿಯಾಗಿ ಅಲ್ಲ. ನಿಕಾನ್ ಪಿ900ರಂಥದ್ದು 2000 ಮಿ.ಮೀ.ಗೆ ಸಮನಾದ ದೂರ ಎಳೆಯುತ್ತದೆ. ಕೆರೆಯ ಆಚೆ ದಡದ ಹಕ್ಕಿಯ ಗುರುತು ಹಿಡಿಯಲು, ಪಟ್ಟಿ ಮಾಡಿಡಲು ಅದಕ್ಕೆ ಸಾಟಿ ಇಲ್ಲ. ಆದರೆ ಅಷ್ಟು ದೂರಕ್ಕೆ ಎಫ್ 6.5, ಸೆನ್ಸಾರ್ ಉಗುರಿನಷ್ಟು, ಹಕ್ಕಿ ರೆಕ್ಕೆ ಬಿಚ್ಚಿದರೆ ಅದನ್ನು ಚೌಕಟ್ಟಿನೊಳಗೆ ಹುಡುಕುವಷ್ಟರಲ್ಲಿ ಅದು ಮತ್ತೊಂದು ಕೆರೆ ಸೇರಿರುತ್ತದೆ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯುತ್ತಿರುತ್ತದೆ, ಆಗ ಎಷ್ಟು ಜೂಮ್ ಇದ್ದರೂ ಚಿತ್ರ ಕಲಕಿದಂತೆಯೇ. ಹಾರುವ ಹಕ್ಕಿ ಬೇಕೆಂದರೆ ಡಿಎಸ್‌ಎಲ್‌ಆರ್ ಕಿಂಡಿಯೇ ಆಗಬೇಕು, ಅದರಲ್ಲಿ ಕಾಣುವುದು ಕನ್ನಡಿಯಿಂದ ಬಂದ ನಿಜವಾದ ನೋಟ, ತಡವಾಗಿ ಬರುವ ಪರದೆ ಚಿತ್ರವಲ್ಲ. 250 ಮಿ.ಮೀ. ಲೆನ್ಸ್ ಕ್ಯಾನನ್‌ನಲ್ಲಿ ಅದೇ ಲೆಕ್ಕದಲ್ಲಿ 400ಕ್ಕೆ ಸಮ. ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಧಾರಾಳವಾಯಿತು, ಕೆಲಗೇರಿಯಲ್ಲಿ ಬೆಳ್ಳಂಬೆಳಗ್ಗೆ ಹೋಗಿ ಒಂದೇ ಕಡೆ ಅಲುಗದೆ ಕೂತು ಹಕ್ಕಿಯೇ ಹತ್ತಿರ ಬರುವಂತೆ ಮಾಡಬೇಕು.

ಪ್ರಶ್ನೆ: ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ಫೋಟೊಕ್ಕೆ ಯಾವ ಕ್ಯಾಮೆರಾ?
– ಗೃಹಿಣಿ, ಹಾಸನ

ಉತ್ತರ: ಯಾವುದೂ ಬೇಡಮ್ಮ, ಇರುವ ಫೋನೇ ಸಾಕು. ಕಿಟಕಿ ಪಕ್ಕ ಮೇಜು ಹಾಕಿ, ಟ್ಯೂಬ್‌ಲೈಟ್ ಆರಿಸಿ. ಕಿಟಕಿಯ ಎದುರು ಬದಿಗೆ ಬಿಳಿ ರಟ್ಟೊಂದನ್ನು ನಿಲ್ಲಿಸಿ. ಉಳಿದ ದುಡ್ಡಿಗೆ ಒಳ್ಳೆಯ ಓವನ್ ತೆಗೆದುಕೊಳ್ಳಿ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಡಿಎಸ್‌ಎಲ್‌ಆರ್ ಬ್ಯಾಗ್ ತೆಗೆದರೆ ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆಗಳು. ಒರೆಸಿದರೆ ಹೋಗುತ್ತಿಲ್ಲ. ಪುಟ್ಟ ಕ್ಯಾಮೆರಾ ಕೊಂಡಿದ್ದರೆ ಹೀಗಾಗುತ್ತಿರಲಿಲ್ಲವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಆಗುತ್ತಿತ್ತು. ಇದು ಫಂಗಸ್, ನಮ್ಮ ಮಲೆನಾಡಿನ ಬೂಸ್ಟು. ಗಾಜು ಯಾವ ಕ್ಯಾಮೆರಾದ್ದು ಎಂದು ಕೇಳಿ ಬರುವುದಿಲ್ಲ. ಎಳೆ ಒಳಗಿದೆ, ಹೊರಗಿಂದ ಒರೆಸಿ ಗಾಜು ಗೀರಬೇಡಿ. ಈಗಲೇ ಬಿಚ್ಚಿಸಿ ತೊಳೆಸಿದರೆ ಪೂರ್ತಿ ಹೋಗಬಹುದು, ಇನ್ನೊಂದು ಮಳೆಗಾಲ ಬಿಟ್ಟರೆ ಗಾಜಿನ ಮೇಲಿನ ಲೇಪನವನ್ನೇ ತಿಂದು ಗುರುತು ಉಳಿಸುತ್ತದೆ.

ಬಟ್ಟೆ ಕಪಾಟಿನಲ್ಲಿ, ಬ್ಯಾಗಿನೊಳಗೆ ಇಡುವುದೇ ಎಲ್ಲಕ್ಕಿಂತ ಕೆಟ್ಟದ್ದು. ಬ್ಯಾಗಿನ ಸ್ಪಂಜು ತೇವ ಕುಡಿದು ಕೂತಿರುತ್ತದೆ. ಅಡುಗೆಮನೆಯ ದೊಡ್ಡ, ಗಾಳಿಯಾಡದ ಡಬ್ಬವೊಂದನ್ನು ತೆಗೆದುಕೊಂಡು ಕ್ಯಾಮೆರಾ ಜೊತೆ ನೀಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ, ಆ ಬಾಣಲೆಯನ್ನು ಆಮೇಲೆ ಅಡುಗೆಗೆ ಬಳಸಬೇಡಿ. ಒಂದು ಪುಟ್ಟ ತೇವಾಂಶ ಮಾಪಕವನ್ನೂ ಒಳಗಿಡಿ, ಮುಳ್ಳು 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಅಕ್ಕಿ ಹಾಕಬೇಡಿ, ಅದರ ಹುಡಿ ಲೆನ್ಸಿಗೆ ಹೋಗುತ್ತದೆ. ಕರ್ಪೂರ, ನುಸಿಗುಳಿಗೆ ಕೂಡ ಬೇಡ. ಶ್ರಾವಣದಲ್ಲಿ ಬಿಸಿಲು ಇಣುಕಿದ ದಿನ ಕ್ಯಾಮೆರಾ ಹೊರತೆಗೆದು ನಾಲ್ಕು ಫೋಟೊ ತೆಗೆಯಿರಿ. ಬಳಸುತ್ತಿರುವ ಲೆನ್ಸಿಗೆ ಬೂಸ್ಟು ಬರುವುದು ಕಡಿಮೆ.

ತೊಳೆಸಲು ಯಾರಿಗೆ ಕಳಿಸಿದರೂ ಲೆನ್ಸ್ ಮಾತ್ರ ಕಳಿಸಿ, ಎರಡೂ ಬದಿಗೆ ಮುಚ್ಚಳ ಹಾಕಿ. ಬಾಡಿ, ಬ್ಯಾಟರಿ, ಚಾರ್ಜರ್, ಕಾರ್ಡು ಎಲ್ಲವನ್ನೂ ಬ್ಯಾಗ್ ಸಮೇತ ಕೊರಿಯರ್ ಮಾಡುವವರಿದ್ದಾರೆ. ಆ ಬ್ಯಾಗಿನಲ್ಲೇ ಬೂಸ್ಟು ಕೂತಿರುವುದರಿಂದ ಅದನ್ನು ಮನೆಯಲ್ಲಿ ಒಗೆದು ಬಿಸಿಲಿಗೆ ಹಾಕಿ.